ಒಂಬತ್ತನೇ ಪ್ರಶ್ನೆ

ಮಾರ್ಚ್ ೧೧, ಮಂಗಳವಾರ

ಆ ಫಾರಂ ನಾನು ತುಂಬಬಾರದಿತ್ತು. ಅಣ್ಣನ ಮಗಳಿಗೆ ಹದಿನೈದು, ಹುಟ್ಟಿನಿಂದಲೇ ಎಚ್‌ಐವಿ. ಅಣ್ಣ, ಅತ್ತಿಗೆ ಹೋದ ಮೇಲೆ ನನ್ನ ಜೊತೆಗಿದ್ದಾಳೆ. ಇವತ್ತು ಕ್ಲಿನಿಕ್ಕಿನಲ್ಲಿ ಅವಳ ಮನಸ್ಸಿನ ಬಗ್ಗೆ ಒಂಬತ್ತು ಪ್ರಶ್ನೆ ಕೊಟ್ಟರು. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಖಾಲಿ ಚೌಕ ಕಂಡರೆ ಕೈ ತಡೆಯುವುದಿಲ್ಲ. ನಿದ್ದೆ ಬರುತ್ತದೆ, ಊಟ ಸೇರುತ್ತದೆ ಎಂದು ನಾನೇ ಗುರುತು ಹಾಕಿದೆ. ಕೊನೆಯದು, ಸಾಯಬೇಕೆನಿಸಿದೆಯೇ? ಇಲ್ಲ.

"ಎಷ್ಟು ಜಾಣೆ ನೋಡಿ, ಒಂದು ತಕರಾರೂ ಇಲ್ಲ!" ಎಂದು ನರ್ಸ್ ಅದನ್ನು ಕಡತಕ್ಕೆ ಸೇರಿಸಿದಳು.

ಬಸ್ಸಿನಲ್ಲಿ ಹುಡುಗಿ ಕಿಟಕಿಯಾಚೆ ನೋಡುತ್ತಲೇ ಅಂದಳು: "ಚಿಕ್ಕಪ್ಪ, ಒಂಬತ್ತನೇದು ನನ್ನನ್ನ ಕೇಳಿದ್ದು."

"ನೀನಾಗಿದ್ರೆ ಏನು ಬರೀತಿದ್ದೆ?"

"ಬಿಡು. ಈಗ ನಾನು ಜಾಣೆ ಅಲ್ವಾ?"

ಈಗಷ್ಟೇ ದಿನಾ ರಾತ್ರಿಯ ಮಾತ್ರೆ ನುಂಗಿ ಕೋಣೆಗೆ ಹೋದಳು. ಚಿಲಕ ಹಾಕಿಕೊಳ್ಳಬೇಡ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ.