ದೇವದುರ್ಗದವರ ಎಲೆ ಅಡಿಕೆ

ರಾಯಚೂರು
೯ ಮೇ ೧೯೮೩, ಸೋಮವಾರ

ಪ್ರೀತಿಯ ನಿಮಗೆ,

ಹೆಸರು ಬರೆದರೆ ಅತ್ತೆ ಬೈಯುತ್ತಾರೆ, ಬರೆಯದಿದ್ದರೆ ನನಗೇ ನಗು! ಹೇಗಿದ್ದೀರಿ? ಹೈದರಾಬಾದಿಗೆ ಹೊರಟಾಗ ಇದ್ದ ಕೆಮ್ಮು ನಿಂತಿತೇ? ಕ್ಲಾರಿನೆಟ್ ಊದುವವರು ಐಸ್‌ಕ್ರೀಮ್ ತಿನ್ನಬಾರದು, ಪ್ಲೀಸ್. ಅದರ ರಿಪೇರಿ ಮುಗಿಯಿತೇ? ಟೇಲರು ಬ್ಯಾಂಡಿನ ಕೆಂಪು ಕೋಟುಗಳಿಗೆ ಬಟ್ಟೆ ಕತ್ತರಿಸಿದನೇ? ನಮ್ಮ ಮದುವೆಯಾಗಿ ಇವತ್ತಿಗೆ ನಲವತ್ತೊಂದು ದಿನ; ಅದರಲ್ಲಿ ಆರು ದಿನ ನೀವಿಲ್ಲ. ಈ ಲೆಕ್ಕ ನನಗೆ ಸ್ವಲ್ಪವೂ ಹಿಡಿಸಿಲ್ಲ.

ನಮ್ಮ ನೌರಂಗಿ ಬ್ಯಾಂಡಿಗೆ ಈ ತಿಂಗಳ ಮದುವೆಗಳು ಹದಿನೈದಕ್ಕೆ ಸಿರವಾರ, ಇಪ್ಪತ್ತೆರಡಕ್ಕೆ ಮಾನ್ವಿ, ಇಪ್ಪತ್ತಾರಕ್ಕೆ ಗಬ್ಬೂರು. ಪಕ್ಕದ ಮನೆಯ ಖುರ್ಷೀದ್ ಬೇಗಂ ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಕೇಳುತ್ತಾರೆ: "ನಿಮ್ಮ ಮನಿಯವ್ರು ಯಾವಾಗ ಬರ್ತಾರ್ರೀ? ಅವರ ಪೀಪಿ ಇಲ್ದ ಓಣಿ ಸತ್ತಂಗ ಆಗ್ಯದ!" ಎಂಥ ಅಭಿಮಾನಿಗಳು ನಿಮಗೆ! ನನಗೆ ಹೆಮ್ಮೆ, ಸ್ವಲ್ಪ ಹೊಟ್ಟೆಕಿಚ್ಚು ಕೂಡ.

ಈಗ ಗಟ್ಟಿಯಾಗಿ ಕುಳಿತುಕೊಳ್ಳಿ. ಶುಕ್ರವಾರ ಮಾವ, ಅತ್ತೆ ಇಬ್ಬರೂ ಸಂತೆಗೆ ಹೋಗಿದ್ದರು. ದೇವದುರ್ಗದಿಂದ ಇಬ್ಬರು ಹಿರಿಯರು ಬಂದರು. ನೀರು ಕೊಟ್ಟೆ. "ಇಪ್ಪತ್ತೆರಡಕ್ಕ ನಮ್ಮ ಹುಡುಗನ ಮದುವಿ ಅದವ್ವಾ" ಎಂದರು. ಬಹಳ ಸಂತೋಷ ಎಂದೆ. ಹೊಸ ತಟ್ಟೆಯಲ್ಲಿ ಐದು ಎಲೆ, ಎರಡು ಅಡಿಕೆ ಇಟ್ಟು ನನ್ನತ್ತ ಚಾಚಿದರು. ಹೊಸ ಸೊಸೆಗೆ ಎಂಥ ಮರ್ಯಾದೆ ಎಂದು ಎರಡೂ ಕೈಯಿಂದ ತೆಗೆದುಕೊಂಡೆ. ಅವರು ನಗುತ್ತಾ ಹೋದರು. ನಾನು ಸುಣ್ಣ ಹಚ್ಚಿಕೊಂಡು ಅಷ್ಟನ್ನೂ ತಿಂದುಬಿಟ್ಟೆ! ಬಾಯಿ ಎಷ್ಟು ಕೆಂಪಾಯಿತೆಂದರೆ, ನೀವು ನೋಡಬೇಕಿತ್ತು ಅನ್ನಿಸಿತು.

ಮೊದಲು ನೋಡಿದವರು ಮಾವ. "ಯಾರ್ ಬಂದಿದ್ರವ್ವಾ?" ಹೇಳಿದೆ. "ಎಲಿ ಎಲ್ಲದಾವ?" ತಿಂದೆ ಎಂದೆ. ಅವರು ಕೈಚೀಲದ ಸಮೇತ ಹೊಸ್ತಿಲ ಮೇಲೇ ಕುಸಿದರು. ಆಗ ಗೊತ್ತಾಯಿತು: ಬ್ಯಾಂಡಿನವರ ಮನೆಯಲ್ಲಿ ಎಲೆ ಅಡಿಕೆ ಹಿಡಿದರೆ ತಾರೀಖು ಒಪ್ಪಿದಂತೆ, ಕಾಗದಪತ್ರ ಏನೂ ಬೇಡ. ಅದೇ ಇಪ್ಪತ್ತೆರಡಕ್ಕೆ ಮಾನ್ವಿಯವರ ಎಲೆಯನ್ನು ನೀವೇ ಹಿಡಿದಿದ್ದೀರಂತೆ! ಕಾನ್ವೆಂಟಿನ ಸಿಸ್ಟರುಗಳು ನನಗೆ ಫೋರ್ಕಿನಲ್ಲಿ ಬಟಾಣಿ ತಿನ್ನುವುದನ್ನು ಕಲಿಸಿದರು, ಇದನ್ನು ಕಲಿಸಲಿಲ್ಲ.

ಡ್ರಮ್ಮಿನ ಮೀರಾಹುಸೇನಣ್ಣ ಬಿದ್ದುಬಿದ್ದು ನಕ್ಕರು. "ಭಾಬೀ, ಇಡೀ ದೇವದುರ್ಗಾನ ನುಂಗಿಬಿಟ್ರಲ್ರೀ!" ಮಾವ ನಗಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಊರಿಗೂ ಅವರು ಕೊಟ್ಟ ಮಾತು ತಪ್ಪಿಲ್ಲವಂತೆ. ಮರಳಿಸೋಣವೆಂದು ಅತ್ತೆ ಅಂದದ್ದಕ್ಕೆ, "ಹೊಟ್ಯಾಗ ಹೋದ ಎಲಿ ಹ್ಯಾಂಗ ತಿರುಗಿ ಕೊಡ್ತೀ ಬೇ?" ಎಂದರು. ನಾನು ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟೆ. ನನ್ನ ನಲವತ್ತು ದಿನದ ಸಂಸಾರ ಅವರ ಮೂವತ್ತು ವರ್ಷದ ಹೆಸರನ್ನು ನುಂಗಿತ್ತಲ್ಲ!

ಕಡೆಗೆ ಮಾವನೇ ದಾರಿ ಹುಡುಕಿದರು. ಬ್ಯಾಂಡನ್ನು ಎರಡು ಭಾಗ ಮಾಡಿ ನಿಮ್ಮನ್ನು ಮಾನ್ವಿಗೆ ಕಳಿಸುವುದು; ಮಾವ ತಾವೇ ಪೆಟ್ಟಿಗೆಯಲ್ಲಿದ್ದ ಹಳೆಯ ಕ್ಲಾರಿನೆಟ್ ತೆಗೆದು ದೇವದುರ್ಗಕ್ಕೆ ಹೋಗುವುದು. ಉಸಿರು ಹಿಡಿಯುತ್ತದೋ ಇಲ್ಲವೋ ಎಂದು ದಿನಾ ಅಂಗಳದಲ್ಲಿ ಊದುತ್ತಿದ್ದಾರೆ. ಡ್ರಮ್ ಬಾರಿಸುವವರು ಮಾತ್ರ ಕಡಿಮೆ ಬಿದ್ದರು. ಮೀರಾಹುಸೇನಣ್ಣ ಒಬ್ಬರೇ, ಅವರು ಮಾನ್ವಿಗೆ ಬೇಕು. ಯರಗೇರಾ ತನಕ ಹುಡುಕಿದರೂ ಸಿಕ್ಕಿಲ್ಲ.

ಮಾವನ ಆಶೀರ್ವಾದ, ಮೀರಾಹುಸೇನಣ್ಣನ ಸಲಾಮು, ಖುರ್ಷೀದ್ ಬೇಗಂರ ನಿಟ್ಟುಸಿರು, ಎಲ್ಲವನ್ನೂ ಈ ಲಕೋಟೆಯಲ್ಲಿ ತುಂಬಿದ್ದೇನೆ. ಅತ್ತೆ ಎರಡು ದಿನದಿಂದ ಮಾತಾಡಿಲ್ಲ, ಅವರದು ಬಂದಾಗ ಪಡೆಯಿರಿ.

ನಿಮ್ಮದೇ,
ಆದೆಮ್ಮ

ತಾ.ಕ.: ಟಪಾಲು ಹೊರಡುವ ಹೊತ್ತು, ಬೇಗ ಹೇಳುತ್ತೇನೆ. ಹೆಣ್ಣು ನೋಡಲು ಬಂದಾಗ ಕಸೂತಿ ಬರುತ್ತದೆ ಎಂದಿದ್ದೆನಲ್ಲ, ಅದು ಸುಳ್ಳು. ಸ್ಕೂಲಿನ ಪರೇಡಿಗೆ ಐದು ವರ್ಷ ಸೈಡ್ ಡ್ರಮ್ ಬಾರಿಸಿದ್ದು ನಿಜ. ನಿನ್ನೆ ಮಾವನ ಮುಂದೆ ಬಾರಿಸಿದೆ. ಅತ್ತೆಯ ಕೈಯಿಂದ ಮೊರ ಬಿತ್ತು. ಮಾವ ಒಳಗೆ ಹೋಗಿ ಎಲೆ ಅಡಿಕೆ ತಂದು ಚಾಚಿದರು: "ಈ ಸಲ ತಿನಬ್ಯಾಡವ್ವಾ. ತಿಳಕೊಂಡು ಹಿಡಿ." ತಿಳಿದೇ ಹಿಡಿದೆ. ಟೇಲರಿಗೆ ಇನ್ನೊಂದು ಕೋಟು ಹೇಳಿ. ಭುಜ ನಿಮ್ಮದಕ್ಕಿಂತ ನಾಲ್ಕು ಬೆರಳು ಕಡಿಮೆ ಇರಲಿ.