ಅರಿಶಿನ ಕಲಸಿದ ಹಿಂಡಿ

ನವೆಂಬರ್ ೨೧, ಶುಕ್ರವಾರ

'ಇರಬಹುದು' ಎಂದು ಯಾಕೆ ಹೇಳಿದೆನೋ. ಆ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಬುಕ್ಕಾಪಟ್ಟಣದ ಗಂಗಲಕ್ಷ್ಮಮ್ಮನವರ ಕಡಸು ಇವತ್ತು ನಾನು ಇಂಜೆಕ್ಷನ್ ಕೊಡುತ್ತಿದ್ದಾಗಲೇ ಸತ್ತಿತು. ಕಣ್ಣು ಪೂರ್ತಿ ಹಳದಿಯಾಗಿತ್ತು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿನ್ನಿಸಿದ್ದರು. ಬೂಷ್ಟಿನ ವಿಷದಿಂದ ದನಗಳ ಲಿವರನ್ನು ಅರಿಶಿನ ಒಂದಿಷ್ಟು ಕಾಪಾಡುತ್ತದೆ ಎಂದು ಹೋದ ತಿಂಗಳು ಡೇರಿಯ ಸಭೆಯಲ್ಲಿ ಹೇಳಿದವಳು ನಾನೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲಿ, ಬೂಷ್ಟು ಬಂದ ಹಿಂಡಿಯನ್ನು ಕೊಡಲೇಬೇಡಿ ಎಂದು ಹೇಳುವುದನ್ನು ಮರೆತೆ.

"ನೀವು ಯೋಳ್ದಂಗೇ ಅರಿಶಿನ ಕಲ್ಸಿದ್ದೆ ಕಣಮ್ಮ. ನಾನೇ ಕಮ್ಮಿ ಹಾಕ್ಬುಟ್ನೇನೋ," ಎಂದರು ಗಂಗಲಕ್ಷ್ಮಮ್ಮ, ಕಡಸಿನ ಕೊರಳ ಹಗ್ಗ ಬಿಚ್ಚುತ್ತಾ.

ಸುತ್ತ ಜನ ನಿಂತಿದ್ದರು. "ಇರಬಹುದು," ಎಂದೆ.

ವಾಪಸು ಶಿರಾ ತಲುಪುವಷ್ಟರಲ್ಲಿ ದಿಗಿಲಾಯಿತು. ಇನ್ನಷ್ಟು ಅರಿಶಿನ ಹಾಕಿ ಅದೇ ಹಿಂಡಿಯನ್ನು ಕಡಸಿನ ತಾಯಿ ಹಸುವಿಗೂ ಕೊಟ್ಟುಬಿಟ್ಟರೆ? ಫೋನ್ ಮಾಡಿ, ಉಳಿದದ್ದನ್ನೆಲ್ಲ ಗುಂಡಿ ತೋಡಿ ಹೂತುಬಿಡಿ, ಎಷ್ಟು ಅರಿಶಿನ ಹಾಕಿದರೂ ಅದು ತಿನ್ನಿಸುವಂಥದ್ದಲ್ಲ ಎಂದೆ. ತಪ್ಪು ನನ್ನದು ಎನ್ನಲು ಮಾತ್ರ ಬಾಯಿ ಬರಲಿಲ್ಲ.

"ಆಗ್ಲಿ ಕಣಮ್ಮ. ನಿಮ್ಮಿಂದ ಹಸುನಾದ್ರೂ ಉಳಿಸ್ಕಂಡೆ," ಎಂದರು.

ಬೆಳಿಗ್ಗೆ ಹೋಗಿ, ಅದೇ ಜನರ ಮುಂದೆ ತಪ್ಪು ನನ್ನದೆಂದು ಹೇಳಬೇಕು. ಹೇಳುತ್ತೇನೆ ಎಂದು ಇಲ್ಲಿ ಬರೆಯುವುದಕ್ಕೂ ಧೈರ್ಯ ಸಾಲುತ್ತಿಲ್ಲ.