ಕರಪಿನಾರ್ ದಾರಿಯ ಗಾಳಿ

ಕೊನ್ಯಾ
೨೭ ಏಪ್ರಿಲ್ ೧೯೯೪

ಪ್ರೀತಿಯ ರಿಫ್ಕಿ,

ನಿನಗೂ ಮನೆಯವರಿಗೂ ನನ್ನ ಸಲಾಮು. ನೀನು ಪಕ್ಕದ ಮನೆ ಖಾಲಿ ಮಾಡಿ ಮೆರ್ಸಿನ್ ಸೇರಿ ಎರಡು ವರ್ಷವಾಯಿತು, ನಾನು ಒಂದು ಗೆರೆಯನ್ನೂ ಬರೆಯಲಿಲ್ಲ. ಬೈಯುವುದಿದ್ದರೆ ಬೈದುಕೋ. ನೀನೂ ಬರೆಯಲಿಲ್ಲವಾದ್ದರಿಂದ ಅರ್ಧ ಬೈಗುಳ ನಿನಗೇ ಇಟ್ಟುಕೋ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಹೆಂಡತಿ ಹಾಜೆರ್‌ಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಸುದ್ದಿ ಏನೆಂದರೆ, ಮಗಳು ಬೆಲ್ಕಿಸ್‌ಳನ್ನು ಕೇಳಿಕೊಂಡು ಕರಪಿನಾರ್‌ನಿಂದ ಒಂದು ಮನೆಯವರು ಬಂದಿದ್ದರು. ಹುಡುಗ ತುಂಜಾಯ್, ಶಾಲೆಯ ಮೇಷ್ಟ್ರು. ಮಗಳಿಗೆ ಮನಸ್ಸಿದೆ. ನನಗೇ ಹೂಂ ಎನ್ನಲು ಬಾಯಿ ಬರಲಿಲ್ಲ. ಒಮ್ಮೆ ನಿಶ್ಚಯದ ಉಂಗುರ ವಾಪಸ್ ಬಂದ ಮನೆಯಲ್ಲವೇ ಇದು? ಆಗ ಅವಳು ಊಟ ನಿದ್ದೆ ಬಿಟ್ಟು ಕೋಣೆ ಸೇರಿದ್ದು ನನ್ನ ಕಣ್ಣ ಮುಂದಿದೆ. ಇನ್ನೊಮ್ಮೆ ಹಾಗಾದರೆ ಅವಳು ನಮಗೆ ಉಳಿಯುವುದಿಲ್ಲ ಎಂಬ ಹೆದರಿಕೆ. "ನಿಮ್ಮನೆಗೇ ಬಂದು ಉತ್ತರ ಹೇಳ್ತೀನಿ. ಹುಡುಗ ನನ್ನ ಜೊತೆ ಸೈಕಲ್ ಮೇಲೆ ಬರ್ಲಿ, ದಾರೀಲಿ ಮನುಷ್ಯನ ಗುಣ ಗೊತ್ತಾಗುತ್ತೆ," ಅಂದುಬಿಟ್ಟೆ. ಬಂದವರು ಮುಖ ಮುಖ ನೋಡಿಕೊಂಡರು. "ಕುದುರೆ ಕೊಳ್ತಿದ್ದೀರೋ, ಅಳಿಯನ್ನ ಹುಡುಕ್ತಿದ್ದೀರೋ?" ಎಂದು ಹಾಜೆರ್ ಅಡುಗೆಮನೆಯಿಂದಲೇ ಕೇಳಿದಳು.

ಏಪ್ರಿಲ್‌ನಲ್ಲಿ ನಮ್ಮ ಬಯಲಿನ ಬುದ್ಧಿ ನಿನಗೆ ಗೊತ್ತು. ಹೊರಟಾಗ ಎಳೆಬಿಸಿಲು. ಊರು ದಾಟಿದ್ದೇ ತಡ, ದಕ್ಷಿಣದ ಕಿಬ್ಲಾ ಕಡೆಯಿಂದ ಗಾಳಿ ಎದ್ದು ಕಣ್ಣಿಗೆಲ್ಲ ಧೂಳು. ಸೈಕಲ್ಲಿನವರ ರೀತಿ ಏನು? ಸ್ವಲ್ಪ ಹೊತ್ತು ಒಬ್ಬ ಮುಂದಿದ್ದು ಗಾಳಿ ತಡೆಯಬೇಕು, ಆಮೇಲೆ ಹಿಂದಿನವನು ಮುಂದೆ ಬರಬೇಕು. ಈ ಮಹಾಶಯ ನನ್ನ ಹಿಂದಿನ ಗಾಲಿ ಬಿಟ್ಟು ಕದಲಲೇ ಇಲ್ಲ. ನಾನು ನಿಧಾನಿಸಿದರೆ ಅವನೂ ನಿಧಾನ. ಮುಂದೆ ಹೋಗು ಎಂದು ಕೈ ಬೀಸಿದರೆ, "ಪರವಾಗಿಲ್ಲ ಯಜಮಾನ್ರೇ, ನೀವೇ ನಡೀರಿ," ಎನ್ನುತ್ತಾನೆ! ನನ್ನ ತೊಡೆ ಉರಿಯುತ್ತಿದೆ, ಇವನು ನನ್ನ ಬೆನ್ನ ಮರೆಯಲ್ಲಿ ಹಾಯಾಗಿ ಬರುತ್ತಿದ್ದಾನೆ. ಇಂಥ ಮೈಗಳ್ಳನಿಗೆ ಮಗಳನ್ನು ಕೊಡುವುದುಂಟೇ? ನಡುದಾರಿಯ ಇಸ್ಮಿಲ್‌ನಲ್ಲಿ ಚಹಾ ಕುಡಿಯುವ ಹೊತ್ತಿಗೆ, ಇಲ್ಲ ಎಂದೇ ಹೇಳುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಇಸ್ಮಿಲ್ ದಾಟಿದ ಮೇಲೆ ಆಕಾಶ ಕಪ್ಪಿಟ್ಟಿತು, ಆಲಿಕಲ್ಲು ಸುರಿಯತೊಡಗಿತು. ಅಲ್ಲಿ ಒಂದು ಮರವಿಲ್ಲ, ಗೋಡೆಯಿಲ್ಲ. ನಾನು ಸೈಕಲ್ ಕೆಡವಿ ಕೂಗಾಡಿದೆ. "ಏನಯ್ಯಾ, ನಾಚಿಕೆ ಆಗಲ್ವಾ? ಬೆಳಿಗ್ಗೆಯಿಂದ ಮುದುಕನ ಹಿಂದೆ ಬಚ್ಚಿಟ್ಕೊಂಡು ಬರ್ತಿದ್ದೀಯಲ್ಲ!"

ಅವನು ತನ್ನ ಕೋಟು ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದ. ಚಳಿಗೆ ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಹೆಣ್ಣು ಕೊಡೋರಿಗೆ ಬೆನ್ನು ತೋರ್ಸಿ ಹ್ಯಾಗೆ ಹೋಗ್ಲಿ ಯಜಮಾನ್ರೇ? ಗೊತ್ತಾದ್ರೆ ನಮ್ಮಪ್ಪ ಕಾಲು ಮುರೀತಾರೆ. ನಿಮ್ಮ ಹಿಂದೆ ಬರೋದು ಸುಲಭ ಅಂದ್ಕೊಂಡ್ರಾ? ಬ್ರೇಕ್ ಹಿಡಿದು ಹಿಡಿದು ಬೆರಳು ಬಿದ್ದೋಯ್ತು!"

"ನಾನು ಅಷ್ಟು ನಿಧಾನವೇನೋ?"

"ಅಯ್ಯೋ, ಹಾಗಲ್ಲ..." ಎಂದವನು ತಲೆ ತಗ್ಗಿಸಿದ. "ಹ್ಞೂಂ, ಸ್ವಲ್ಪ."

ನನಗೆ ನಗು ತಡೆಯಲಾಗಲಿಲ್ಲ. ಮೇಲೆ ಆಲಿಕಲ್ಲು, ಕೆಳಗೆ ಒಂದೇ ಕೋಟಿನಡಿ ಹುಚ್ಚರ ಹಾಗೆ ನಗುವ ನಾವಿಬ್ಬರು. "ಅಪ್ಪಣೆ ಕೊಟ್ಟಿದ್ದೀನಿ, ಬೆನ್ನು ತೋರ್ಸು," ಅಂದೆ. ಮುಂದೆ ಹೋದವನು ಆಗಾಗ ತಿರುಗಿ "ಕ್ಷಮಿಸಿ, ಕ್ಷಮಿಸಿ" ಎನ್ನುತ್ತಲೇ ಊರಿನವರೆಗೂ ಗಾಳಿಯನ್ನೆಲ್ಲ ತಾನೇ ತಿಂದ.

ಕರಪಿನಾರ್ ಸೇರುವಾಗ ಸಂಜೆಬಿಸಿಲು ಬಂದಿತ್ತು. ಅವನ ತಾಯಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಕೆಸರಿನ ಬೂಟು ಬಿಚ್ಚುವ ಮೊದಲೇ "ಕೊಟ್ಟೆ" ಎಂದೆ. ಆಕೆ ಅತ್ತೇಬಿಟ್ಟರು. ನನ್ನ ಎದೆಯ ಭಾರವೂ ಇಳಿಯಿತು ರಿಫ್ಕಿ, ಆ ರಾತ್ರಿ ಅವರ ಮನೆಯಲ್ಲಿ ಮಗುವಿನ ಹಾಗೆ ಮಲಗಿದೆ. ಈಗ ಬೆಲ್ಕಿಸ್ ಪಾತ್ರೆ ತೊಳೆಯುತ್ತ ಹಾಡಿಕೊಳ್ಳುತ್ತಿದ್ದಾಳೆ.

ಮದುವೆ ಜೂನ್‌ನಲ್ಲಿ. ದೇವರು ನಿನ್ನ ಕಾಲಿಗೆ ಬಲವನ್ನೂ ಮನೆಗೆ ನೆಮ್ಮದಿಯನ್ನೂ ಕೊಡಲಿ.

ನಿನ್ನ
ಮುಜಫ್ಫರ್

ಮತ್ತೆ: ಉಂಗುರ ವಾಪಸ್ ಕಳಿಸಿದವನು ನಿನ್ನ ಮಗನಾದರೂ ಅವನ ಮೇಲಿನ ಸಿಟ್ಟು ಯಾವತ್ತೋ ಹೋಯಿತು. ಮನಸ್ಸಿಲ್ಲದೆ ಕಟ್ಟಿಕೊಳ್ಳುವುದಕ್ಕಿಂತ ಅದೇ ಮೇಲು. ಆದರೆ ನೀನು ನಾಚಿಕೆಪಟ್ಟು, ನನಗೊಂದು ಮಾತೂ ಹೇಳದೆ ಊರು ಬಿಟ್ಟೆಯಲ್ಲ, ಬೆಳಿಗ್ಗೆ ನಿನ್ನ ಬಾಗಿಲಿಗೆ ಬಿದ್ದಿದ್ದ ಬೀಗ ನನ್ನನ್ನು ಇನ್ನೂ ಸುಡುತ್ತಿದೆ. ಮದುಮಗಳು ಮನೆ ಬಿಡುವಾಗ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಲು ಇವಳಿಗೆ ಅಣ್ಣತಮ್ಮಂದಿರಿಲ್ಲ. ನನ್ನ ತಂಗಿಯ ಮಗ ಕಟ್ಟಲಿ ಎಂದೆ. "ರಿಫ್ಕಿ ಚಿಕ್ಕಪ್ಪ ಬಂದು ಕಟ್ಟೋವರ್ಗೂ ನಾನು ಹೊಸ್ತಿಲು ದಾಟಲ್ಲ," ಎನ್ನುತ್ತಾಳೆ. ಇದಕ್ಕೆ ಉತ್ತರ ಕೊಡಬೇಕಾದವನು ನಾನಲ್ಲ. ನೀನೇ ಬಂದು ಹೇಳು.